ಕ್ಲಾಪ್ಟನ್ ಹಾಡಿದ ಬ್ಲೂಸ್: ತಲೆದೂಗಿದವರು, ಮೂಗು ಮುರಿದವರು

ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಜಾಝ್ ಸಂಗೀತಕ್ಕೆಂದೇ ಕಟ್ಟಿಸಿದ ಒಂದು ಸಭಾಂಗಣವಿದೆ. ಹೆಸರು ರೋಸ್ ಥಿಯೇಟರ್. ಸುಮಾರು ಸಾವಿರದ ಇನ್ನೂರು ಜನ ಕೂರಬಹುದು. 2011ರ ಏಪ್ರಿಲ್ ತಿಂಗಳಲ್ಲಿ ಅಲ್ಲಿನ ವೇದಿಕೆಯ ಮೇಲೆ ಇಬ್ಬರು ಜೊತೆಯಾಗಿ ಕಾಣಿಸಿಕೊಂಡರು. ಒಬ್ಬ ಇಂಗ್ಲೆಂಡಿನ ರಾಕ್ ಗಾಯಕ, ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್. ಇನ್ನೊಬ್ಬ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿ ಬೆಳೆದ ಕಪ್ಪು ಜನಾಂಗದ ತುತ್ತೂರಿ ವಾದಕ ವಿಂಟನ್ ಮಾರ್ಸಾಲಿಸ್. (ತುತ್ತೂರಿ ಎಂದರೆ ನಮ್ಮ ಜಾತ್ರೆಯದಲ್ಲ, ಮೂರು ಗುಂಡಿಗಳ ಟ್ರಂಪೆಟ್.) ಅಂದು ಅವರು ನುಡಿಸಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 'ಪ್ಲೇ ದ ಬ್ಲೂಸ್' ಎಂಬ ಹೆಸರಿನಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂತು.

ಬಂದ ದಿನದಿಂದಲೂ ಕೇಳುಗರಲ್ಲಿ ಒಮ್ಮತವಿಲ್ಲ. ಕೆಲವರಿಗೆ ಇದು ಕ್ಲಾಪ್ಟನ್ ಜೀವಮಾನದಲ್ಲೇ ಹಾಯಾಗಿ ನುಡಿಸಿದ ಸಂಜೆ. ಕೆಲವರಿಗೆ, ಸೂಟು ಬೂಟು ಹಾಕಿಕೊಂಡು ವಸ್ತುಸಂಗ್ರಹಾಲಯದಲ್ಲಿ ನಡೆಸಿದ ಕಛೇರಿ. ರಾಕ್ ಪ್ರಿಯರು ಗಿಟಾರ್ ಎಲ್ಲಿ ಎಂದು ಕೇಳುತ್ತಾರೆ. ಜಾಝ್ ಪ್ರಿಯರು ಗಿಟಾರ್ ಯಾಕೆ ಎಂದು ಕೇಳುತ್ತಾರೆ! ಬ್ಲೂಸ್ ಮಡಿವಂತರಂತೂ ಮೊದಲ ಹಾಡಿಗೇ ಎದ್ದು ಹೋಗುವವರು. ಏಕೆಂದರೆ ಆ ಹಾಡು, 'ಐಸ್‌ಕ್ರೀಂ', ಬ್ಲೂಸ್ ಅಲ್ಲವೇ ಅಲ್ಲ. 1920ರ ದಶಕದ ಒಂದು ತಮಾಷೆಯ ಹಾಡು.

ಇಷ್ಟೊಂದು ಭಿನ್ನಾಭಿಪ್ರಾಯಕ್ಕೆ ಕಾರಣವೇನು ಎಂದು ನೋಡಬೇಕಾದರೆ ಮೊದಲು ಬ್ಲೂಸ್ ಎಂದರೇನು ಎಂಬುದನ್ನು ತುಸು ತಿಳಿದುಕೊಳ್ಳಬೇಕು. ಪಾಠ ಹೇಳುವುದು ನನ್ನ ಕಸುಬು, ಓದುಗರು ಸಹಿಸಿಕೊಳ್ಳಬೇಕು.

ಹನ್ನೆರಡು ಮನೆಗಳ ಹಾಡು

ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿ ನದಿಯ ಬಯಲಿನ ಹತ್ತಿ ತೋಟಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ನಡುವೆ, ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಹುಟ್ಟಿದ ಹಾಡುಗಾರಿಕೆ ಇದು. ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಹೋಗಿತ್ತು, ಬಡತನ ಮತ್ತು ಅವಮಾನ ಹೋಗಿರಲಿಲ್ಲ. ಡಬ್ಲ್ಯು. ಸಿ. ಹ್ಯಾಂಡಿ ಎಂಬಾತ ಈ ಧಾಟಿಗಳನ್ನು ಕೇಳಿ, ಬರೆದು, 1912ರಲ್ಲಿ 'ಮೆಂಫಿಸ್ ಬ್ಲೂಸ್', 1914ರಲ್ಲಿ 'ಸೇಂಟ್ ಲೂಯಿಸ್ ಬ್ಲೂಸ್' ಎಂದು ಅಚ್ಚು ಹಾಕಿಸಿದ. 1920ರಲ್ಲಿ ಮೇಮಿ ಸ್ಮಿತ್ ಎಂಬಾಕೆ ಹಾಡಿದ 'ಕ್ರೇಜಿ ಬ್ಲೂಸ್' ಪ್ಲೇಟು ಬಿಸಿದೋಸೆಯಂತೆ ಖರ್ಚಾದ ಮೇಲೆ ಗ್ರಾಮಾಫೋನ್ ಕಂಪನಿಗಳಿಗೆ ಈ ಜನರೂ ಗಿರಾಕಿಗಳೇ ಎಂಬ ಜ್ಞಾನೋದಯವಾಯಿತು.

ಹಾಡಿನ ಕಟ್ಟಡ ಸರಳ. ಮೂರು ಸಾಲು. ಮೊದಲ ಸಾಲಿನಲ್ಲಿ ಒಂದು ದುಃಖ ಅಥವಾ ದೂರು. ಎರಡನೆಯ ಸಾಲಿನಲ್ಲಿ ಅದೇ ಮಾತು ಮತ್ತೊಮ್ಮೆ. ಮೂರನೆಯದು ಅದಕ್ಕೊಂದು ಉತ್ತರ, ಬಹಳ ಸಲ ಅದು ಕುಚೋದ್ಯ. ಒಂದೊಂದು ಸಾಲಿಗೂ ನಾಲ್ಕು ತಾಳದ ಮನೆಗಳು, ಒಟ್ಟು ಹನ್ನೆರಡು. ಪ್ರತಿ ಸಾಲಿನಲ್ಲೂ ಗಾಯಕ ಅರ್ಧ ಮಾತ್ರ ಹಾಡುತ್ತಾನೆ. ಉಳಿದರ್ಧ ವಾದ್ಯದ ಪಾಲು. ಕೇಳಿದ್ದಕ್ಕೆ ವಾದ್ಯ ಉತ್ತರ ಹೇಳಬೇಕು.

ಇನ್ನು ಸ್ವರದ ವಿಷಯ. ಷಡ್ಜವನ್ನು ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಳ್ಳಿ. ಸಾಧಾರಣ ಗಾಂಧಾರ 288ಕ್ಕೆ ಬರುತ್ತದೆ, ಅಂತರ ಗಾಂಧಾರ 300ಕ್ಕೆ. ಪಾಶ್ಚಾತ್ಯರ ಲೆಕ್ಕದಲ್ಲಿ ಮೊದಲನೆಯದು ದುಃಖದ್ದು, ಎರಡನೆಯದು ಸಂತೋಷದ್ದು. ಬ್ಲೂಸ್ ಗಾಯಕ ಈ ಎರಡರಲ್ಲಿ ಯಾವುದರ ಮೇಲೂ ಗಟ್ಟಿಯಾಗಿ ನಿಲ್ಲುವುದಿಲ್ಲ. ನಡುವೆ ಎಲ್ಲೋ ಜಾರುತ್ತಾನೆ, ಎಳೆಯುತ್ತಾನೆ. ಅದಕ್ಕೆ 'ಬ್ಲೂ ನೋಟ್' ಎಂದು ಹೆಸರು. ಪಿಯಾನೋದಲ್ಲಿ ಅದಕ್ಕೆ ಮನೆ ಇಲ್ಲ. ಹಾಗಾಗಿ ಪಿಯಾನೋ ವಾದಕರು ಅಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೇ ಒತ್ತಿ ಕಿವಿಯನ್ನು ನಂಬಿಸುತ್ತಾರೆ. ಗಿಟಾರಿನಲ್ಲಾದರೆ ನಮ್ಮ ವೈಣಿಕರು ಮಾಡುವಂತೆಯೇ ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಎಳೆದರಾಯಿತು. ತಂತಿಯ ಆವೃತ್ತಿ ಅದರ ಬಿಗಿತದ ವರ್ಗಮೂಲಕ್ಕೆ ಅನುಗುಣ ಎಂದು ಪಿಯುಸಿಯಲ್ಲಿ ಓದಿದ್ದು ನೆನಪಿರಬಹುದು. ಸ್ವರವನ್ನು ಷಡ್ಜದಿಂದ ಚತುಃಶ್ರುತಿ ರಿಷಭದಷ್ಟು ಮೇಲಕ್ಕೆತ್ತಬೇಕಾದರೆ ಬಿಗಿತ ಸುಮಾರು ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು, ಅಂದರೆ ಶೇಕಡ 26ರಷ್ಟು ಏರಬೇಕು. ಬೆರಳ ತುದಿ ಜಡ್ಡುಗಟ್ಟದೆ ಇದು ಸಾಧ್ಯವಿಲ್ಲ.

ಸರ‍್ರೆಯ ಹುಡುಗ

ಕ್ಲಾಪ್ಟನ್ ಹುಟ್ಟಿದ್ದು 1945ರಲ್ಲಿ, ಇಂಗ್ಲೆಂಡಿನ ಸರ‍್ರೆ ಸೀಮೆಯ ರಿಪ್ಲಿ ಎಂಬ ಹಳ್ಳಿಯಲ್ಲಿ. ಬೆಳೆಸಿದ್ದು ಅಜ್ಜ ಅಜ್ಜಿ. ಹೆತ್ತ ತಾಯಿಯನ್ನೇ ಅಕ್ಕ ಎಂದು ನಂಬಿಕೊಂಡು ಬೆಳೆದ ಹುಡುಗ. ಹತ್ತಿಯ ಹೊಲ ನೋಡಿದವನಲ್ಲ, ನೋಡಿದ್ದು ಕಡಲಾಚೆಯಿಂದ ಬಂದ ಪ್ಲೇಟುಗಳನ್ನು. ಅದರಲ್ಲೂ ರಾಬರ್ಟ್ ಜಾನ್ಸನ್ ಎಂಬಾತನ ಹಾಡುಗಳು ಅವನನ್ನು ಹಿಡಿದುಬಿಟ್ಟವು. ಈ ಜಾನ್ಸನ್ 1936 ಮತ್ತು 1937ರಲ್ಲಿ ಟೆಕ್ಸಾಸಿನಲ್ಲಿ ಒಟ್ಟು 29 ಹಾಡುಗಳನ್ನು ಹಾಡಿಟ್ಟು 1938ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ.

1965ರಲ್ಲಿ ಕ್ಲಾಪ್ಟನ್ ಇದ್ದ 'ಯಾರ್ಡ್‌ಬರ್ಡ್ಸ್' ತಂಡ ಜನಪ್ರಿಯ ಧಾಟಿಗೆ ಇಳಿಯಿತು ಎಂದು ಆತ ತಂಡವನ್ನೇ ಬಿಟ್ಟ. ಮುಂದಿನ ವರ್ಷ ಜಾನ್ ಮೇಯಲ್‌ನ ಜೊತೆ ಮಾಡಿದ 'ಬ್ಲೂಸ್ ಬ್ರೇಕರ್ಸ್' ಮುದ್ರಿಕೆ ಕೇಳಿದವರು ಲಂಡನ್ನಿನ ಗೋಡೆಯ ಮೇಲೆ ಕ್ಲಾಪ್ಟನ್ನೇ ದೇವರು ಎಂದು ಬರೆದರು. ಆಮೇಲೆ 'ಕ್ರೀಂ' ತಂಡ, 1970ರಲ್ಲಿ 'ಲೈಲಾ', ಮಾದಕ ವಸ್ತು, ಕುಡಿತ, 1991ರಲ್ಲಿ ನಾಲ್ಕು ವರ್ಷದ ಮಗನ ದುರ್ಮರಣ, 1992ರಲ್ಲಿ ಮುದ್ರಿಸಿದ 'ಅನ್‌ಪ್ಲಗ್ಡ್' ಮತ್ತು ಅದಕ್ಕೆ ಬಂದ ಗ್ರ್ಯಾಮಿಗಳ ಸುರಿಮಳೆ. ಇವೆಲ್ಲ ಬೇಕಾದಷ್ಟು ಸಲ ಅಚ್ಚಾಗಿರುವ ಸಂಗತಿಗಳು.

ಬ್ಲೂಸ್ ವಿಷಯದಲ್ಲಿ ಕ್ಲಾಪ್ಟನ್ ಮೇಲೆ ಎರಡು ದೂರುಗಳಿವೆ. ಮೊದಲನೆಯದು ಸಂಗೀತದ್ದು. 1994ರಲ್ಲಿ ಆತ 'ಫ್ರಂ ದ ಕ್ರೇಡಲ್' ಎಂಬ ಸಂಗ್ರಹ ಹೊರತಂದ. ಎಲ್ಲವೂ ಹಳೆಯ ಬ್ಲೂಸ್. ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಕುಳಿತು, ಕಛೇರಿಯ ಹಾಗೆಯೇ ನುಡಿಸಿ ಮುದ್ರಿಸಿದ್ದು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಅದು ಒಂದನೆಯ ಸ್ಥಾನಕ್ಕೇರಿತು. ಆದರೆ ತಿಳಿದವರು ಕೆಲವರು ಗೊಣಗಿದರು. ಗುರುಗಳ ಗಂಟಲನ್ನೇ ಅನುಕರಿಸಿದ್ದಾನೆ, ತನ್ನ ಕೊರಳೆಲ್ಲಿ ಎಂದರು. ಆ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಗಿಟಾರಿನಲ್ಲಿ ಸ್ವಂತದ ಮಾತಾಡುವ ಮನುಷ್ಯ, ಬಾಯಿ ತೆರೆದಾಗ ಕೆಲವೊಮ್ಮೆ ಮಡ್ಡಿ ವಾಟರ್ಸ್‌ನ ಗುಡುಗನ್ನು ಎರವಲು ತರುತ್ತಿದ್ದ. ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆತ ನಡೆಸಿದ ಬ್ಲೂಸ್ ಕಛೇರಿಯ ಮುದ್ರಿಕೆ 2022ರಲ್ಲಿ 'ನಥಿಂಗ್ ಬಟ್ ದ ಬ್ಲೂಸ್' ಎಂದು ಹೊರಬಂದಾಗಲೂ ಈ ಹಳೆಯ ವಾದ ಮತ್ತೆ ಚಿಗುರಿತು.

ಎರಡನೆಯ ದೂರು ಹೆಚ್ಚು ಆಳದ್ದು. 1976ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಂನ ವೇದಿಕೆಯ ಮೇಲೆ ಕುಡಿದು ನಿಂತ ಕ್ಲಾಪ್ಟನ್, ವಲಸೆ ಬಂದವರನ್ನೆಲ್ಲ ವಾಪಸು ಕಳಿಸಬೇಕು ಎಂದು ಕೂಗಾಡಿದ. ವಲಸಿಗರ ವಿರೋಧಿ ರಾಜಕಾರಣಿ ಇನಾಕ್ ಪೊವೆಲ್‌ನನ್ನು ಬೆಂಬಲಿಸಿ ಎಂದ. ಆ ಊರಿನಲ್ಲಿ ಕೆರಿಬಿಯನ್ ದ್ವೀಪಗಳಿಂದ, ಭಾರತ ಪಾಕಿಸ್ತಾನಗಳಿಂದ ಹೋಗಿ ನೆಲೆಸಿದ ಕಾರ್ಮಿಕರು ಸಾವಿರಾರು ಮಂದಿ ಇದ್ದರು. ಹೀಗೆ ಕೂಗಾಡಿದವನು ಎರಡು ವರ್ಷಗಳ ಹಿಂದಷ್ಟೇ ಜಮೈಕಾದ ಬಾಬ್ ಮಾರ್ಲಿಯ ಹಾಡೊಂದನ್ನು ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದಿದ್ದ! ಈ ಮಾತಿಗೆ ಉತ್ತರವಾಗಿಯೇ ಅಲ್ಲಿ 'ರಾಕ್ ಎಗೇನ್ಸ್ಟ್ ರೇಸಿಸಂ' ಎಂಬ ಚಳವಳಿ ಹುಟ್ಟಿತು. ಬಹಳ ವರ್ಷ ಈ ಬಗ್ಗೆ ಸರಿಯಾಗಿ ಬಾಯಿ ಬಿಡದಿದ್ದ ಕ್ಲಾಪ್ಟನ್ 2018ರಲ್ಲಿ, ತನ್ನ ಬದುಕಿನ ಮೇಲೆ ಬಂದ ಸಾಕ್ಷ್ಯಚಿತ್ರದ ಸಂದರ್ಭದಲ್ಲಿ, ತನಗೆ ನಾಚಿಕೆಯಾಗುತ್ತದೆ ಎಂದು ಹೇಳಿದ. ಆ ಚಿತ್ರದ ಹೆಸರಿನಲ್ಲೂ ಬ್ಲೂಸಿನ ಹನ್ನೆರಡು ಮನೆಗಳೇ ಇವೆ: 'ಲೈಫ್ ಇನ್ 12 ಬಾರ್ಸ್'.

ಕಪ್ಪು ಜನರ ದುಃಖದಿಂದ ಹುಟ್ಟಿದ ಹಾಡಿನಿಂದ ಹೆಸರು ಹಣ ಎರಡನ್ನೂ ಗಳಿಸಿ, ಅವರನ್ನೇ ಹೀಗೆ ಅಂದವನ ಬಾಯಲ್ಲಿ ಬ್ಲೂಸ್ ಕೇಳಲಾರೆ ಎನ್ನುವ ಕೇಳುಗರಿದ್ದಾರೆ. ಅವರ ಜೊತೆ ಜಗಳಕ್ಕೆ ನಿಲ್ಲುವುದು ನನ್ನಿಂದಾಗದು. ಆದರೆ ಇನ್ನೊಂದು ಬದಿಯ ಸಂಗತಿಯನ್ನೂ ಹೇಳಬೇಕು. 1979ರಲ್ಲಿ ಕ್ಲಾಪ್ಟನ್ ಅಮೆರಿಕದಲ್ಲಿ ಸುತ್ತಿದಾಗ ಅವನ ಕಛೇರಿಗಳಲ್ಲಿ ಮೊದಲು ಹಾಡುತ್ತಿದ್ದವನು ಸ್ವತಃ ಮಡ್ಡಿ ವಾಟರ್ಸ್. 2000ದಲ್ಲಿ ಬಿ. ಬಿ. ಕಿಂಗ್ ಕ್ಲಾಪ್ಟನ್ ಜೊತೆ ಒಂದು ಇಡೀ ಸಂಗ್ರಹವನ್ನೇ ಮಾಡಿದ. ಅದಕ್ಕೂ ಗ್ರ್ಯಾಮಿ ಬಂತು. ಮಿಸಿಸಿಪ್ಪಿಯ ಹೊಲದಲ್ಲಿ ದುಡಿದು ಬಂದ ಹಿರಿಯರು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಬ್ಲೂಸ್ ಎಂಬುದು ಕಪ್ಪು ಅಮೆರಿಕನ್ನರ ಚರಿತ್ರೆಯಿಂದ ಬೇರ್ಪಡಿಸಲಾಗದ್ದು ಎಂದು ಲೆರಾಯ್ ಜೋನ್ಸ್ 1963ರಲ್ಲೇ 'ಬ್ಲೂಸ್ ಪೀಪಲ್' ಪುಸ್ತಕದಲ್ಲಿ ವಾದಿಸಿದ್ದ. ಅದು ಸರಿಯಾದ ಮಾತೇ. ಹಾಡು ಯಾರದ್ದು ಎಂಬ ಪ್ರಶ್ನೆಗೆ ಅದು ಉತ್ತರ. ಯಾರು ಹಾಡಬಹುದು ಎಂಬುದು ಬೇರೆ ಪ್ರಶ್ನೆ.

ಈ ಹಿನ್ನೆಲೆಯಲ್ಲಿ ಮಾರ್ಸಾಲಿಸ್‌ನ ಪಕ್ಕದಲ್ಲಿ ಕ್ಲಾಪ್ಟನ್ ನಿಂತದ್ದಕ್ಕೆ ಅರ್ಥ ಬರುತ್ತದೆ. ಮಾರ್ಸಾಲಿಸ್ ಸಾಮಾನ್ಯನಲ್ಲ. ಜಾಝ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಎರಡರಲ್ಲೂ ಒಂದೇ ವರ್ಷ ಗ್ರ್ಯಾಮಿ ಗೆದ್ದವನು, 1997ರಲ್ಲಿ ಸಂಗೀತಕ್ಕಾಗಿ ಪುಲಿಟ್ಜರ್ ಪಡೆದವನು. ಜಾಝ್‌ನ ಬೇರು ಬ್ಲೂಸ್, ಆ ಬೇರಿಗೆ ನೀರೆರೆಯದೆ ಏನು ನುಡಿಸಿದರೂ ಅದು ಜಾಝ್ ಅಲ್ಲ ಎಂಬ ಧೋರಣೆಯವನು. ಅದಕ್ಕಾಗಿ ಬೈಗುಳವನ್ನೂ ಸಾಕಷ್ಟು ತಿಂದವನು. ರಾಕ್ ಸಂಗೀತದ ಬಗ್ಗೆ ಅವನಿಗೆ ದೊಡ್ಡ ಒಲವೇನೂ ಇರಲಿಲ್ಲ.

ಗಿಟಾರ್ ಯಾಕೆ ಗರ್ಜಿಸಲಿಲ್ಲ?

ಇವರಿಬ್ಬರೂ ಮಾದರಿಯಾಗಿ ಇಟ್ಟುಕೊಂಡದ್ದು 1920ರ ದಶಕದ ಕಿಂಗ್ ಆಲಿವರ್‌ನ ತಂಡ. ಲೂಯಿ ಆರ್ಮ್‌ಸ್ಟ್ರಾಂಗ್ ತನ್ನ ಎಳೆತನದಲ್ಲಿ ಎರಡನೆಯ ತುತ್ತೂರಿ ಊದಿದ್ದು ಇದೇ ತಂಡದಲ್ಲಿ. ಎರಡು ತುತ್ತೂರಿ, ಟ್ರೊಂಬೋನ್, ಕ್ಲಾರಿನೆಟ್, ಬ್ಯಾಂಜೋ, ಪಿಯಾನೋ, ಬಾಸ್, ಡ್ರಮ್ಸ್. ಅದರ ಜೊತೆಗೆ ಕ್ಲಾಪ್ಟನ್‌ನ ವಿದ್ಯುತ್ ಗಿಟಾರು, ಅವನ ಹಳೆಯ ಒಡನಾಡಿ ಕ್ರಿಸ್ ಸ್ಟೇಂಟನ್‌ನ ಕೀಬೋರ್ಡು. ಹಾಡುಗಳನ್ನು ಆರಿಸಿದ್ದು ಕ್ಲಾಪ್ಟನ್, ಒಂದನ್ನು ಬಿಟ್ಟು. ವಾದ್ಯಗಳಿಗೆ ಹೊಂದಿಸಿದ್ದು ಮಾರ್ಸಾಲಿಸ್.

ರಾಕ್ ಪ್ರಿಯರ ನಿರಾಸೆ ಇಲ್ಲಿಂದಲೇ ಶುರು. 1966ರ ಕ್ಲಾಪ್ಟನ್ ಹೆಸರು ಮಾಡಿದ್ದು ಗಿಟಾರನ್ನು ಗರ್ಜಿಸುವಂತೆ ಮಾಡಿ. ಆಂಪ್ಲಿಫೈಯರನ್ನು ಅದರ ಮಿತಿಗಿಂತ ಹೆಚ್ಚು ದುಡಿಸಿದಾಗ ಅಲೆಯ ನೆತ್ತಿ ಕತ್ತರಿಸಿದಂತಾಗಿ ಹೊಸ ಉಪಸ್ವರಗಳು ಹುಟ್ಟುತ್ತವೆ. ದನಿ ದಪ್ಪವಾಗುತ್ತದೆ, ಒರಟಾಗುತ್ತದೆ, ಬಹಳ ಹೊತ್ತು ನಿಲ್ಲುತ್ತದೆ. ತುತ್ತೂರಿ ಟ್ರೊಂಬೋನ್‌ಗಳು ಹುಟ್ಟಿನಿಂದಲೇ ಉಪಸ್ವರಗಳ ಸಿರಿವಂತರು. ಗಿಟಾರೂ ಅದೇ ಜಾಗಕ್ಕೆ ನುಗ್ಗಿದ್ದರೆ ಇಬ್ಬರ ಮಾತೂ ಕೇಳಿಸದ ಗ್ರಾಮಸಭೆಯಾಗುತ್ತಿತ್ತು. ಹಾಗಾಗಿ ಇಲ್ಲಿ ಕ್ಲಾಪ್ಟನ್ ಗಿಟಾರಿನ ದನಿಯನ್ನು ತಿಳಿಯಾಗಿಟ್ಟ, ಬಹಳ ಕಡೆ ಬ್ಯಾಂಜೋ ಜೊತೆ ತಾಳಕ್ಕೆ ನಿಂತ. ತನ್ನ ಸರದಿ ಬಂದಾಗ ನುಡಿಸಿ, ಪಕ್ಕಕ್ಕೆ ಸರಿದ. ಹತ್ತು ನಿಮಿಷದ ಗಿಟಾರ್ ಸೋಲೋ ಕಾಯುತ್ತ ಕೂತವನಿಗೆ ಇದು ಮೋಸ ಅನ್ನಿಸುವುದು ಸಹಜ. ನನಗಂತೂ ಈ ಸಂಯಮವೇ ರುಚಿಸಿತು. ಬ್ಲೂಸಿನಲ್ಲಿ ಗಾಯಕನ ಅರ್ಧ ಸಾಲಿಗೆ ವಾದ್ಯ ಉತ್ತರ ಕೊಡಬೇಕು ಎಂದೆನಲ್ಲ, ಇಲ್ಲಿ ಉತ್ತರ ಕೊಡುವವರು ಎಂಟು ಜನ. ಕ್ಲಾರಿನೆಟ್ಟಿನ ವಿಕ್ಟರ್ ಗೋಯಿನ್ಸ್ ಉತ್ತರವಂತೂ ಕೆಲವು ಸಲ ಪ್ರಶ್ನೆಗಿಂತ ಚೆನ್ನಾಗಿದೆ.

'ಫಾರ್ಟಿ ಫೋರ್' ಎಂಬ ಹಾಡಿನಲ್ಲಿ ಈ ಕೂಟ ಪೂರ್ತಿ ಹದಕ್ಕೆ ಬರುತ್ತದೆ. ಹೌಲಿಂಗ್ ವೂಲ್ಫ್ ಎಂಬ ಆಜಾನುಬಾಹು ಗಾಯಕ 1954ರಲ್ಲಿ ಶಿಕಾಗೋದಲ್ಲಿ ಹಾಡಿದ್ದ ಹಾಡು. ಭಾರವಾದ, ತೂಗಾಡುವ ನಡೆ. ಕ್ಲಾಪ್ಟನ್‌ಗೆ ವೂಲ್ಫ್‌ನ ಕಂಠವಿಲ್ಲ. ಅದೃಷ್ಟಕ್ಕೆ ಈ ಸಲ ಅದನ್ನು ಅನುಕರಿಸುವ ಗೋಜಿಗೂ ಹೋಗಿಲ್ಲ. ಅರವತ್ತಾರು ವರ್ಷದ ತನ್ನದೇ ದನಿಯಲ್ಲಿ ಹಾಡುತ್ತಾನೆ, ಸ್ವಲ್ಪ ಒಣಗಿದ್ದು, ಸ್ವಲ್ಪ ಬಿರುಕು ಬಿಟ್ಟದ್ದು. ಸಾಲದು ಎನ್ನುವವರಿದ್ದಾರೆ. 'ಕೇರ್‌ಲೆಸ್ ಲವ್' ಹಾಡನ್ನು ಬೆಸ್ಸಿ ಸ್ಮಿತ್ 1925ರಲ್ಲಿ ಹಾಡಿದ್ದನ್ನು ಕೇಳಿದವರಿಗೆ ಅದು ಸಾಲದು ಎಂದು ನಾನೂ ಒಪ್ಪುತ್ತೇನೆ. ಆಕೆಯ ಒಂದು ಉಸಿರಿಗೂ ಇದು ಸಮವಲ್ಲ.

ಶವಯಾತ್ರೆಯಲ್ಲಿ ಲೈಲಾ

ಅತಿ ಹೆಚ್ಚು ಜಗಳವಿರುವುದು 'ಲೈಲಾ' ಬಗ್ಗೆ. ಕ್ಲಾಪ್ಟನ್ ಆರಿಸದ ಆ ಒಂದು ಹಾಡು ಇದೇ. ಮಾರ್ಸಾಲಿಸ್‌ನ ತಂಡದಲ್ಲಿ ಬಾಸ್ ನುಡಿಸುವ ಕಾರ್ಲೋಸ್ ಹೆನ್ರಿಕೆಜ್ ಅದು ಬೇಕೇ ಬೇಕು ಎಂದು ಕೇಳಿದನಂತೆ.

ಹೆಸರು ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಪಾರಸಿ ಕವಿ ನಿಜಾಮಿಯ ಲೈಲಾ ಮಜ್ನೂ ಕತೆಯ ಲೈಲಾ ಈಕೆ. ಗೆಳೆಯ ಜಾರ್ಜ್ ಹ್ಯಾರಿಸನ್‌ನ ಹೆಂಡತಿಯ ಮೇಲೆ ಮನಸ್ಸಿಟ್ಟು ಒದ್ದಾಡುತ್ತಿದ್ದ ಕ್ಲಾಪ್ಟನ್ ಆ ಕತೆಯನ್ನು ಓದಿ 1970ರಲ್ಲಿ ಈ ಹಾಡು ಕಟ್ಟಿದ. ಮೊದಲ ರೂಪದಲ್ಲಿ ಅದು ಅರಚಾಟ, ಅಂಗಲಾಚುವಿಕೆ. ಡ್ಯುಯೇನ್ ಆಲ್‌ಮನ್ ಜೊತೆ ಸೇರಿ ಎಬ್ಬಿಸಿದ ಗಿಟಾರುಗಳ ಬಿರುಗಾಳಿ. 1992ರ 'ಅನ್‌ಪ್ಲಗ್ಡ್'ನಲ್ಲಿ ಅದೇ ಹಾಡು ವಿದ್ಯುತ್ತಿಲ್ಲದ ಗಿಟಾರಿನ ಮೇಲೆ, ಕುರ್ಚಿಯಲ್ಲಿ ಕುಳಿತು ಹಳೆಯ ಪ್ರೇಮವನ್ನು ನೆನೆಯುವವನ ಗುನುಗಾಯಿತು. ಆಗಲೂ ಹಳೆಯ ಅಭಿಮಾನಿಗಳು ಕೋಪಿಸಿಕೊಂಡಿದ್ದರು.

2011ರಲ್ಲಿ ಅದು ಶವಯಾತ್ರೆಯ ಸಂಗೀತವಾಯಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಸತ್ತವರನ್ನು ವಾದ್ಯದೊಂದಿಗೆ ಒಯ್ಯುವ ಪದ್ಧತಿಯುಂಟು. ಹೋಗುವಾಗ ನಿಧಾನ ನಡೆ, ಅಳುವ ತುತ್ತೂರಿ. ಮಣ್ಣು ಮಾಡಿ ಬರುವಾಗ ಕುಣಿತ. 'ಲೈಲಾ' ಇಲ್ಲಿ ಹೋಗುವಾಗಿನ ನಡೆಯಲ್ಲಿದೆ, ಒಂಬತ್ತು ನಿಮಿಷದಷ್ಟು. ಇದು ಹಾಡಿಗೆ ಮಾಡಿದ ಅಪಚಾರ ಎನ್ನುವವರೂ, ಇಡೀ ಸಂಜೆಯ ಶಿಖರವೇ ಇದು ಎನ್ನುವವರೂ ಸಮಸಮ ಸಿಗುತ್ತಾರೆ. ನಾನು ಎರಡನೆಯ ಗುಂಪಿನವನು. ಇಪ್ಪತ್ತೈದರ ಹುಡುಗ ಬರೆದ ಬೇಡಿಕೆಯನ್ನು ಅರವತ್ತಾರರ ಮುದುಕ ಅದೇ ಆವೇಶದಿಂದ ಕೂಗಿದ್ದರೆ ನಾಟಕವಾಗುತ್ತಿತ್ತು. ಆ ಪ್ರೇಮ ಫಲಿಸಿ, ಮದುವೆಯಾಗಿ, 1989ರಲ್ಲಿ ವಿಚ್ಛೇದನವೂ ಆಗಿತ್ತು. ಅದನ್ನು ಕ್ಲಾರಿನೆಟ್ ತುತ್ತೂರಿಗಳ ಜೊತೆ ಮಸಣಕ್ಕೆ ಒಯ್ಯುವುದೇ ನಿಜಕ್ಕೆ ಹತ್ತಿರ.

ಬರುವಾಗಿನ ಕುಣಿತಕ್ಕೆ ಇನ್ನೊಂದು ಹಾಡು ಇದೆ. 'ಜಸ್ಟ್ ಎ ಕ್ಲೋಸರ್ ವಾಕ್ ವಿತ್ ದೀ' ಎಂಬ ಕ್ರೈಸ್ತ ಭಜನೆ ನಿಧಾನವಾಗಿ ಶುರುವಾಗಿ, ನಡುವೆ ಡ್ರಮ್ಸಿನ ಒಂದು ಗುಟುರಿಗೆ ಎದ್ದು ನಿಂತುಬಿಡುತ್ತದೆ. ಸಭಿಕರ ಚಪ್ಪಾಳೆ ಅಲ್ಲಿ ಮುದ್ರಿಕೆಯ ಭಾಗವೇ ಆಗಿಹೋಗಿದೆ. ಸ್ಟುಡಿಯೋದಲ್ಲಿ ಇದು ಸಿಗುವುದಿಲ್ಲ. ಆದರೆ ಇದೇ ಸಭಾಂಗಣದ ನುಣುಪಿನ ಬಗ್ಗೆ ಮಡಿವಂತರ ತಕರಾರಿದೆಯಲ್ಲ, ಅದೂ ನಿಜವೇ. ಬೆವರಿನ ವಾಸನೆಯಿಲ್ಲ, ಯಾರೂ ಎಡವುವುದಿಲ್ಲ. ಮಡ್ಡಿ ವಾಟರ್ಸ್‌ನ ಹಳೆಯ ಕಛೇರಿ ಮುದ್ರಿಕೆಗಳಲ್ಲಿ ಕೇಳಿಸುವ ಅಪಾಯ ಇಲ್ಲಿ ಕಡಿಮೆ.

ಈ ಭಜನೆಯಲ್ಲೂ, ಕೊನೆಯ 'ಕೊರೀನ ಕೊರೀನ' ಹಾಡಿನಲ್ಲೂ ದಪ್ಪ ಕಂಠದ ಒಬ್ಬ ಅತಿಥಿ ಬಂದು ಸೇರಿಕೊಳ್ಳುತ್ತಾನೆ. ಹೆಸರು ತಾಜ್ ಮಹಲ್! 1942ರಲ್ಲಿ ಹುಟ್ಟಿದ ಈ ಕಪ್ಪು ಅಮೆರಿಕನ್ನನ ನಿಜನಾಮ ಬೇರೆ. ಗಾಂಧಿ ಮತ್ತು ಭಾರತದ ಬಗ್ಗೆ ಬಿದ್ದ ಕನಸುಗಳಿಂದ ಈ ಹೆಸರು ಬಂತೆಂದು ಹೇಳಿಕೊಂಡಿದ್ದಾನೆ. ಅವನ ದನಿ ಎದ್ದಾಗ ಕ್ಲಾಪ್ಟನ್‌ನ ದನಿ ತೆಳುವಾಗಿ ಕಾಣುವುದನ್ನು ಬಹಳ ಕೇಳುಗರು ಗುರುತಿಸಿದ್ದಾರೆ, ಅಭಿಮಾನಿಗಳೂ ಸೇರಿ.

ನಮ್ಮವರಿಗೆ ಈ ತಾಜ್ ಮಹಲ್ ಇನ್ನೂ ಹತ್ತಿರದವನು. 1995ರಲ್ಲಿ ಆತ 'ಮುಮ್ತಾಜ್ ಮಹಲ್' ಎಂಬ ಮುದ್ರಿಕೆ ಹೊರತಂದಾಗ ಜೊತೆಗಿದ್ದವರು ಮೋಹನವೀಣೆಯ ವಿಶ್ವಮೋಹನ ಭಟ್ ಮತ್ತು ಮೈಸೂರಿನಲ್ಲಿ ಹುಟ್ಟಿದ ಎನ್. ರವಿಕಿರಣ್. ರವಿಕಿರಣರ ಚಿತ್ರವೀಣೆ, ಅಂದರೆ ನಮ್ಮ ಹಿರಿಯರು ಗೋಟುವಾದ್ಯ ಎನ್ನುತ್ತಿದ್ದ ವಾದ್ಯಕ್ಕೆ ಮೆಟ್ಟಿಲುಗಳೇ ಇಲ್ಲ. ಕೈಯಲ್ಲಿ ಹಿಡಿದ ಗುಂಡನ್ನು ತಂತಿಯ ಮೇಲೆ ಜಾರಿಸಬೇಕು. ಮಿಸಿಸಿಪ್ಪಿಯ ಬಡ ಗಾಯಕರು ಬಾಟಲಿಯ ಕತ್ತನ್ನು ಮುರಿದು ಬೆರಳಿಗೆ ತೊಟ್ಟು ಗಿಟಾರಿನ ಮೇಲೆ ಮಾಡುತ್ತಿದ್ದುದೂ ಅದನ್ನೇ. ಕ್ಲಾಪ್ಟನ್ ಮಾರ್ಸಾಲಿಸ್ ಮುದ್ರಿಕೆಯ ಜೊತೆಗೆ ಇದನ್ನೂ ಒಮ್ಮೆ ಕೇಳಿ ನೋಡಿ. 288ಕ್ಕೂ 300ಕ್ಕೂ ನಡುವೆ ಜಾರುವ ಆ ಗಾಂಧಾರ ಇದರಲ್ಲಿ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ.